ಮುಂದಿನ ಕಥೆ ಒಂದು ಪುಟದಲ್ಲಿ

ಮದ್ದೂರು
೯ ಜೂನ್ ೨೦೨೪

ಬಾವನವರಿಗೆ ವೀಣ ಮಾಡುವ ನಮಸ್ಕಾರಗಳು.

ಮಳವಳ್ಳಿ ಬಿಟ್ಟು ಬಂದು ಎರಡು ವರ್ಷವಾಯಿತು, ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಬಹುದಿತ್ತು. ಆದರೆ ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನು ನಿಮ್ಮೆದುರು ನಿಂತು ನಾಲ್ಕು ಮಾತು ಆಡಿದವಳಲ್ಲ. ಗಂಡನ ಅಣ್ಣ ಒಳಗೆ ಬಂದರೆ ಸೊಸೆ ಅಡುಗೆಮನೆಗೆ ಹೋಗಿಬಿಡಬೇಕು ಅಂತ ನಮ್ಮಮ್ಮ ಕಲಿಸಿದ್ದಳು. ಫೋನಿನಲ್ಲಿ ಹೋಗಿ ನಿಲ್ಲುವುದಕ್ಕೆ ಅಡುಗೆಮನೆ ಇಲ್ಲ. ಅದಕ್ಕೆ ಕಾಗದ.

ವಿಷಯ ಏನೆಂದರೆ, ಮಂಡ್ಯದ ‘ಹೊಸಪುಟ ಓದುಗರ ಬಳಗ’ದವರು ಒಂದು ಕಾದಂಬರಿ ಸ್ಪರ್ಧೆ ಇಟ್ಟಿದ್ದಾರೆ. ಪೂರ್ತಿ ಕಾದಂಬರಿ ಬೇಡವಂತೆ, ಮೊದಲ ಮೂರು ಅಧ್ಯಾಯ ಸಾಕಂತೆ. ಗೆದ್ದವರು ಉಳಿದದ್ದನ್ನು ಬರೆದು ಮುಗಿಸಿದರೆ ಅವರೇ ಅಚ್ಚು ಹಾಕಿಸುತ್ತಾರಂತೆ. ನಾನು ಮೂರು ಅಧ್ಯಾಯ ಬರೆದಿದ್ದೇನೆ. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು ಕಾದಂಬರಿ ಬರೆದಳು ಅಂತ ನಗಬೇಡಿ. ಕಾಲರ್ ಹೊಲಿಯುವಾಗ ಕೈಗೆ ಮಾತ್ರ ಕೆಲಸ, ತಲೆಗೆ ದಿನವೆಲ್ಲ ಪುರುಸೊತ್ತು.

ಟೈಪ್ ಮಾಡಿರಬೇಕಂತೆ. ನಿಮ್ಮ ಅಂಗಡಿಯಲ್ಲಿ ಮಾಡಿಕೊಡುತ್ತೀರಾ? ಹಾಳೆಗಳನ್ನು ಮಳವಳ್ಳಿ ಬಸ್ಸಿನ ಕಂಡಕ್ಟರ್ ಮಹದೇವು ಕೈಯಲ್ಲಿ ಕಳಿಸುತ್ತಿದ್ದೇನೆ.

ನೀವು ಓದುವ ಮೊದಲೇ ಹೇಳಿಬಿಡುತ್ತೇನೆ. ಇದು ನಮ್ಮ ಮನೆಯ ಕಥೆ. ಹೆಸರು ಬದಲಿಸಿದ್ದೇನೆ, ಅಷ್ಟೇ. ಮೊದಲ ಅಧ್ಯಾಯದಲ್ಲಿ ನಿಮ್ಮ ತಮ್ಮ ಸ್ನೇಹಿತರ ಜೊತೆ ಮುತ್ತತ್ತಿಗೆ ಹೊರಡುತ್ತಾರೆ. ಎರಡನೆಯದರಲ್ಲಿ ಹೊಳೆ. ಮೂರನೆಯದರಲ್ಲಿ ಅವರಿಲ್ಲದ ಮನೆ. ಬೇಡ ಅನ್ನಿಸಿದರೆ ಹಾಳೆಗಳನ್ನು ಹಾಗೇ ವಾಪಸು ಕಳಿಸಿ, ನಾನು ಏನೂ ಅಂದುಕೊಳ್ಳುವುದಿಲ್ಲ.

ಅತ್ತೆ ಹೇಗಿದ್ದಾರೆ? ದೀಪಿಕ ಐದನೇ ಕ್ಲಾಸಿಗೆ ಬಂದಳು.

ಇಂತಿ,
ವೀಣ


ಮಳವಳ್ಳಿ
೨೩ ಜೂನ್ ೨೦೨೪

ವೀಣಮ್ಮನಿಗೆ ಚಲುವರಾಜುವಿನ ಆಶೀರ್ವಾದಗಳು.

ಹಾಳೆಗಳು ತಲುಪಿದವು. ಮಹದೇವು ಅದರ ಮೇಲೆ ಯಾರದೋ ಕೋಳಿಬುಟ್ಟಿ ಇಟ್ಟುಕೊಂಡು ಬಂದಿದ್ದ. ಹಾಗಾಗಿ ನಿನ್ನ ಕಾದಂಬರಿಯ ಮೊದಲ ವಿಮರ್ಶೆ ಕೋಳಿಗಳದ್ದು, ಎರಡನೆಯದು ನನ್ನದು.

ನನ್ನ ಅಂಗಡಿ ನಿನಗೆ ಗೊತ್ತಲ್ಲ. ಒಂದು ಕಡೆ ಲಗ್ನಪತ್ರಿಕೆ, ಇನ್ನೊಂದು ಕಡೆ ತಿಥಿ ಕಾರ್ಡು, ನಡುವೆ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು. ಹೋದ ವಾರ ಒಂದು ಪತ್ರಿಕೆಗೆ ‘ತೆಂಗಿನ ಗರಿಯ ಚಪ್ಪರ, ಬನ್ನಿರಿ ಎಲ್ಲ ಹತ್ತಿರ’ ಎಂದು ಹಾಕಿದೆ. ಹೆಣ್ಣಿನ ತಂದೆ ಕಣ್ಣು ಒರೆಸಿಕೊಂಡ. ನಿನ್ನ ಅಕ್ಕ ಕವಿತ ಮಾತ್ರ, “ಇದ್ಕೂ ಅಳ್ತಾರಾ ಜನ?” ಅಂದಳು. ಹೆಸರು ಕವಿತ, ಪ್ರಾಸ ಕಂಡರೆ ತ್ರಾಸ. ಇಪ್ಪತ್ತು ವರ್ಷದ ಸಂಸಾರ.

ಮೊದಲ ಅಧ್ಯಾಯ ಟೈಪ್ ಆಯಿತು. ಅದರಲ್ಲಿ ಅವನು ಮುದ್ದೆ ಮುರಿಯುತ್ತ, “ಇದೇನಮ್ಮಿ ಉಪ್ಸಾರು, ನಮ್ಮಣ್ಣನ ಪದ್ಯ ಇದ್ದಂಗದೆ, ಉಪ್ಪೂ ಇಲ್ಲ ಖಾರವೂ ಇಲ್ಲ” ಅನ್ನುತ್ತಾನೆ. ಸಂತೋಷ ನಿಜವಾಗಿ ಹಾಗೆ ಅನ್ನುತ್ತಿದ್ದನೇ? ನನ್ನ ಬೆನ್ನ ಹಿಂದೆ? ಟೈಪ್ ಮಾಡುತ್ತ ಗಟ್ಟಿಯಾಗಿ ನಕ್ಕುಬಿಟ್ಟೆ. ತಮ್ಮನ ದನಿ ಇಷ್ಟು ಸರಿಯಾಗಿ ನಿನ್ನ ಕಿವಿಯಲ್ಲಿ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಷಟರ್ ಅರ್ಧ ಎಳೆದು ಕೂತೆ. ಗಿರಾಕಿಗಳು ಏನೆಂದುಕೊಳ್ಳುತ್ತಾರೆ, ಈ ಮನುಷ್ಯ ತಾನು ಬರೆದ ಪತ್ರಿಕೆಗೆ ತಾನೇ ಅಳುತ್ತಾನೆ ಅಂತ.

ಮೂರನೇ ಅಧ್ಯಾಯದ ಅಣ್ಣನಿಗೆ ಹೊಟ್ಟೆ ಬಂದಿದೆ ಎಂದು ಬರೆದಿದ್ದೀಯ. ಕಾದಂಬರಿ ಎಂದಮೇಲೆ ಕಲ್ಪನೆ ಇರಬೇಕು, ಒಪ್ಪುತ್ತೇನೆ. ಅದೇ ಅಧ್ಯಾಯದಲ್ಲಿ, ಹುಡುಕುವವರು ಬಲೆ ಮಡಚಿಕೊಂಡು ಹೋದಮೇಲೆ, ಆ ಅಣ್ಣ ಜಗಲಿಯ ಮೇಲೆ ಕೂತು, “ಅನ್ನೊಂದ್ ದಿನ ಆಯ್ತು, ಏನಾರ ಮಾಡ್ಬೇಕಲ್ಲವ್ವ” ಅನ್ನುತ್ತಾನೆ. ತಾಯಿ, “ಎಣ ತೋರ್ಸ್ಲಾ, ತಿಥಿ ಮಾಡ್ತೀನಿ” ಅನ್ನುತ್ತಾಳೆ. ಅಡುಗೆಮನೆ ಬಾಗಿಲಿಂದ ಸೊಸೆ, “ಅತ್ತೆ ಯೋಳಿದ್ದೇ ಸರಿ” ಅನ್ನುತ್ತಾಳೆ. ಮಾರನೆಯ ದಿನ ಮಗಳ ಕೈ ಹಿಡಿದುಕೊಂಡು ತವರಿಗೆ ಹೊರಟುಹೋಗುತ್ತಾಳೆ. ಎಲ್ಲ ಇದ್ದದ್ದು ಇದ್ದ ಹಾಗೇ ಇದೆ. ಒಂದಕ್ಷರ ತಿದ್ದಲಿಲ್ಲ.

ಅವ್ವ ಗಟ್ಟಿಯಾಗಿದ್ದಾಳೆ. ಸಂಜೆಯಾದರೆ ಈಗಲೂ ಅವನ ತಟ್ಟೆಗೆ ಬಡಿಸಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಅದನ್ನು ನಾಯಿಗೆ ಹಾಕುತ್ತಾಳೆ. ಈ ಮನೆಯಲ್ಲಿ ಮೈ ಬಂದಿರುವುದು ನಾಯಿಗೊಂದೇ, ನಿನ್ನ ಮೂರನೇ ಅಧ್ಯಾಯದ ಅಣ್ಣನನ್ನು ಬಿಟ್ಟರೆ.

ಎರಡನೇ ಅಧ್ಯಾಯ ಇನ್ನೂ ಟೈಪ್ ಆಗಿಲ್ಲ. ಅದಕ್ಕೆ ಸ್ವಲ್ಪ ದಿನ ಕೊಡು.

ಇಂತಿ,
ಚಲುವರಾಜು


ಮದ್ದೂರು
೧೪ ಜುಲೈ ೨೦೨೪

ಬಾವನವರಿಗೆ ನಮಸ್ಕಾರಗಳು.

ಟೈಪ್ ಮಾಡಿದ ಮೂರೂ ಅಧ್ಯಾಯ ನೋಡಿದೆ. ನನ್ನ ಮಾತು ಅಚ್ಚಿನ ಅಕ್ಷರದಲ್ಲಿ ಬೇರೆ ಯಾರದೋ ಅನ್ನಿಸಿತು. ಎರಡನೆಯದನ್ನು ನೀವು ಹೇಗೆ ಟೈಪ್ ಮಾಡಿದಿರೋ, ಕೇಳುವುದಿಲ್ಲ.

ಒಂದು ತೊಂದರೆಯಾಗಿದೆ. ನಿಯಮಗಳ ಕೊನೆಯಲ್ಲಿ ಒಂದು ಸಾಲು ಇತ್ತು, ನಾನು ಗಮನಿಸಿರಲಿಲ್ಲ. ಅಧ್ಯಾಯಗಳ ಜೊತೆ ‘ಮುಂದಿನ ಕಥೆ ಒಂದು ಪುಟದಲ್ಲಿ’ ಅಂತ ಸಾರಾಂಶ ಕಳಿಸಬೇಕಂತೆ, ಕೊನೆಯವರೆಗೂ. ಮೊದಲು ಮಾತ್ರ ಸಾಕು ಅಂದದ್ದಕ್ಕೇ ನಾನು ಬರೆದದ್ದು ಬಾವ. ಮೊದಲಿನಲ್ಲಿ ಅವರು ಊಟ ಮಾಡುತ್ತಾರೆ, ಸಾರಿಗೆ ಹೆಸರಿಡುತ್ತಾರೆ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.

ಆ ಒಂದು ಪುಟಕ್ಕೆ ಭಾನುವಾರವೆಲ್ಲ ಕೂತೆ. ಆಗಲಿಲ್ಲ. ಬಂದರು ಅಂತ ಬರೆದರೆ ಸುಳ್ಳು. ಇಲ್ಲ ಅಂತ ಬರೆದರೆ ನನ್ನ ಕೈಯಲ್ಲೇ ಕಳೆದ ಹಾಗೆ. ಪಕ್ಕದ ಮಿಷನ್ನಿನ ಪಟ್ಟಲಮ್ಮ ಮೊನ್ನೆ ಎಲ್ಲರೆದುರು, “ಏನಮ್ಮಿ, ಕುಂಕ್ಮ ಇಷ್ಟಗಲ ಇಕ್ಕಿದ್ದೀಯ, ಬತ್ತೀನಿ ಅಂತ ಯೋಳಿ ಕಳ್ಸವ್ನಾ?” ಅಂದಳು. ಕೆಟ್ಟವಳಲ್ಲ ಅವಳು, ಬಾಯಿ ಹಾಗೆ. ನಾನೂ ನಕ್ಕೆ. ದೀಪಿಕ ಸ್ಕೂಲಿನಲ್ಲಿ ಯಾರು ಕೇಳಿದರೂ, “ನಮ್ಮಪ್ಪ ಊರಲ್ಲಿಲ್ಲ” ಅನ್ನುತ್ತಾಳೆ. ಹಾಗೆ ಹೇಳಿಕೊಟ್ಟವಳು ನಾನು. ಇನ್ನೆಷ್ಟು ದಿನ ಹೇಳಿಸಲಿ?

ಹನ್ನೊಂದನೇ ದಿನ ತಿಥಿಯ ಮಾತು ಎತ್ತಿದವರು ನೀವೊಬ್ಬರೇ. ಆ ಸಿಟ್ಟಿಗೇ ನಾನು ಮಳವಳ್ಳಿ ಬಿಟ್ಟೆ. ಈಗ ಅದೇ ಬಾಯಿ ನನಗೆ ಬೇಕಾಗಿದೆ. ಆ ಪುಟ ನೀವು ಬರೆದುಕೊಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಿಮ್ಮ ಕೈಯಲ್ಲಿ ಬರೆದದ್ದನ್ನು ಓದಿದರೆ ನಾನೂ ನಂಬುತ್ತೇನೆ, ಮಗಳಿಗೂ ಹೇಳುತ್ತೇನೆ.

ಈ ತಿಂಗಳ ಕೊನೆಯೊಳಗೆ ಮಂಡ್ಯ ಸೇರಬೇಕು. ನನಗಾಗಿ ಕಾಯದೆ ನೇರ ಕಳಿಸಿಬಿಡಿ. ಒಂದು ಪ್ರತಿ ನನಗಿರಲಿ.

ಇಂತಿ,
ವೀಣ


ಮಳವಳ್ಳಿ
೩೦ ಜುಲೈ ೨೦೨೪

ವೀಣಮ್ಮನಿಗೆ ಆಶೀರ್ವಾದಗಳು.

ಎಲ್ಲವನ್ನೂ ಸೇರಿಸಿ ಮಂಡ್ಯಕ್ಕೆ ಕಳಿಸಿದೆ. ಒಂದು ಪುಟವೂ ಅದರಲ್ಲಿದೆ. ನಿನಗೆ ಪ್ರತಿ ತೆಗೆಯಲಾಗಲಿಲ್ಲ. ಕರೆಂಟು ಹೋಗಿತ್ತು, ಪ್ರಿಂಟು ನಿಂತಿತ್ತು. ಪ್ರಾಸ ತಾನಾಗಿ ಬಂದದ್ದು, ಅದಕ್ಕೇ ಸುಳ್ಳು ಅಂದುಕೊಳ್ಳಬೇಡ.

ಕಾವೇರಿ ತುಂಬಿ ಹರಿಯುತ್ತಿದೆ. ಮುತ್ತತ್ತಿಗೆ ಯಾರನ್ನೂ ಬಿಡುತ್ತಿಲ್ಲವಂತೆ. ಊರೆಲ್ಲ ಅದೇ ಮಾತು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಆಡುವುದಿಲ್ಲ.

ಆಷಾಢ ಮುಗಿದರೆ ಮದುವೆ ಕೆಲಸ ಜಾಸ್ತಿ. ಮತ್ತೆ ಬರೆಯುವುದು ತಡವಾಗಬಹುದು.

ಇಂತಿ,
ಚಲುವರಾಜು


ಮಂಡ್ಯ
೮ ಸೆಪ್ಟೆಂಬರ್ ೨೦೨೪

ಮಾನ್ಯ ವೀಣ ಅವರಿಗೆ ವಂದನೆಗಳು.

ನಿಮ್ಮ ‘ಮುಚ್ಚಿಟ್ಟ ತಟ್ಟೆ’ಯ ಮೂರು ಅಧ್ಯಾಯಗಳು ನಮ್ಮ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿವೆ. ಬಳಗದ ಎಲ್ಲರ ಪರವಾಗಿ ಅಭಿನಂದನೆಗಳು.

ಜೊತೆಗಿದ್ದ ಸಾರಾಂಶದ ಬಗ್ಗೆ ಒಂದು ಮಾತು ಹೇಳಬೇಕು. ಅದರಲ್ಲಿ ಗಂಡನನ್ನು ಮೀನು ಹಿಡಿಯುವವರು ಕಾಪಾಡಿರುತ್ತಾರೆ. ಅವನಿಗೆ ನೆನಪು ಹೋಗಿರುತ್ತದೆ. ತಮಿಳುನಾಡಿನ ಯಾವುದೋ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡಿಕೊಂಡಿದ್ದವನು ಪಿತೃಪಕ್ಷದಲ್ಲಿ ಮನೆಗೆ ಬಂದು, “ಅವ್ವಾ, ಹಸಿವು” ಎನ್ನುತ್ತಾನೆ. ಕ್ಷಮಿಸಿ, ನಮ್ಮಲ್ಲಿ ಯಾರಿಗೂ ಇದನ್ನು ನಂಬಲಾಗಲಿಲ್ಲ.

ಕಾರಣ ನಿಮ್ಮ ಎರಡನೇ ಅಧ್ಯಾಯದಲ್ಲೇ ಇದೆ. ಹುಡುಕಾಟ ಇನ್ನೂ ನಡೆಯುತ್ತಿರುವಾಗಲೇ ಹೆಂಡತಿ ದಡದಲ್ಲಿದ್ದ ಅವನ ಚಪ್ಪಲಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತರುತ್ತಾಳೆ. ಬದುಕಿದ್ದಾನೆಂದು ನಂಬಿದವಳು ಅವುಗಳನ್ನು ಅಲ್ಲೇ ಬಿಡುತ್ತಿದ್ದಳು. ನೀರಿನಿಂದ ಎದ್ದು ಬಂದವನಿಗೆ ಮೆಟ್ಟಿಕೊಳ್ಳಲು ಬೇಕಲ್ಲ. ಆ ಸಾಲು ಬರೆದವರಿಗೆ ಅವನು ಸತ್ತಿದ್ದಾನೆಂದು ಗೊತ್ತಿದೆ. ಸಾರಾಂಶ ಬರೆದವರಿಗೆ ಗೊತ್ತಿದ್ದ ಹಾಗಿಲ್ಲ. ಎರಡನ್ನೂ ಒಂದೇ ಕೈ ಬರೆದದ್ದು ಅನ್ನಿಸಲಿಲ್ಲ.

ಅಕ್ಟೋಬರ್ ೧೫ರವರೆಗೆ ಬೇರೆ ಸಾರಾಂಶ ಕಳಿಸಲು ಅವಕಾಶವಿದೆ. ನನ್ನ ಮಾತು ಒರಟಾಗಿದ್ದರೆ ಮನ್ನಿಸಿ. ಇದು ಕಥೆಯ ಬಗ್ಗೆ ಮಾತ್ರ ಆಡಿದ ಮಾತು.

ವಿಶ್ವಾಸದ,
ರುಮಾನಾ
ಬಳಗದ ಪರವಾಗಿ


ಮದ್ದೂರು
೧೨ ಸೆಪ್ಟೆಂಬರ್ ೨೦೨೪

ಬಾವ,

ಮಂಡ್ಯದಿಂದ ಬಂದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ.

ನೀವೂನಾ?

ಎರಡು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಒರಗಿಕೊಳ್ಳುವುದಕ್ಕೆ ಗೋಡೆ ಇದ್ದ ಹಾಗೆ ಇತ್ತು ಅದು. ನಾನು, ಅತ್ತೆ ಹೇಗಾದರೂ ಇರಲಿ, ಆ ಮನೆಯಲ್ಲಿ ಒಬ್ಬರಾದರೂ ನಿಜ ಹಿಡಿದುಕೊಂಡು ಕೂತಿದ್ದಾರೆ ಅಂತ ಧೈರ್ಯ. ಇಟ್ಟಿಗೆ ಗೂಡು ಯಾಕೆ ಬಾವ? ಅವರಿಗೆ ಬಿಸಿಲು ಆಗುತ್ತಿರಲಿಲ್ಲ, ನಿಮಗೆ ಗೊತ್ತಿಲ್ಲವಾ?

ಚಪ್ಪಲಿಯದು ನಾನು ಕಟ್ಟಿದ ಕಥೆಯಲ್ಲ. ನಿಜವಾಗಿ ತಂದಿದ್ದೆ. ಯಾಕೆ ತಂದೆ ಅಂತ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ನನ್ನನ್ನು ಕಂಡವರೇ ಅಲ್ಲ ಆ ರುಮಾನಾ. ಅವರು ಕೇಳಿದರು.

ವೀಣ


ಮಳವಳ್ಳಿ
೧೮ ಸೆಪ್ಟೆಂಬರ್ ೨೦೨೪

ವೀಣಮ್ಮ,

ನೀನು ಕೇಳಿದ ಪುಟವನ್ನು ಮೊದಲು ನೀನು ಕೇಳಿದ ಹಾಗೇ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಅವ್ವ ಅಂಗಡಿಗೆ ಟೀ ತಂದಳು.

“ಯಾರ್ ಮದ್ವೇದ್ಲಾ?”

“ಮದ್ವೇದಲ್ಲ ಕಣವ್ವ. ವೀಣ ಕಥೆ ಬರ್ದವ್ಳೆ, ಅದ್ರ ಕಡೇ ಪುಟ.”

“ನಮ್ ಸಂತೋಸನ್ ಕತೇನಾ? ಓದು, ಕೇಳ್ತೀನಿ.”

ಓದುವುದಕ್ಕೆ ಬಾಯಿ ತೆರೆದೆ. ಹಾಳೆಯ ಮೇಲೆ ಒಂದಿತ್ತು, ಬಾಯಿಂದ ಬಂದದ್ದು ಇನ್ನೊಂದು. ಪ್ರಾಸ ಹೊಂದಿಸಿ ಹೊಂದಿಸಿ ಕೆಟ್ಟ ನಾಲಿಗೆ ಇದು, ಹೊಂದದ್ದನ್ನೂ ಹೊಂದಿಸಿಬಿಡುತ್ತದೆ. ಮೀನಿನವರು ಬಂದರು, ಇಟ್ಟಿಗೆ ಗೂಡು ಬಂತು, ಅವನೂ ಬಂದ. ಅವ್ವ ಕೊನೆಯವರೆಗೂ ಕೇಳಿದಳು. ಲೋಟ ತೆಗೆದುಕೊಂಡು ಹೋದಳು. ಬಾಯಲ್ಲಿ ಬಂದದ್ದನ್ನೇ ಆಮೇಲೆ ಟೈಪ್ ಮಾಡಿದೆ. ಅಷ್ಟು ಹೊತ್ತು ಅವನು ಮನೆಯಲ್ಲಿದ್ದ ಹಾಗಿತ್ತು. ಒಂದು ಪುಟದಿಂದ ಯಾರಿಗೇನು ನಷ್ಟ ಅಂದುಕೊಂಡೆ. ನಿನಗೆ ಅಂತ ಈಗ ಗೊತ್ತಾಯಿತು.

ನಿನ್ನ ಕಾಗದ, ಮಂಡ್ಯದ ಕಾಗದ ಎರಡೂ ಬಂದ ದಿನ ಅವ್ವನ ಪಕ್ಕ ಕೂತು ಅವೆರಡನ್ನೂ ಇದ್ದ ಹಾಗೇ ಓದಿದೆ. ಈ ಸಲ ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

“ಯಾರ್ಲಾ ಆವಮ್ಮ?”

“ರುಮಾನಾ ಅಂತೆ. ನಾವು ಕಂಡಿಲ್ಲ.”

“ಸರ್ಯಾಗ್ ಯೋಳವ್ಳೆ ಬುಡು.”

“ಅಂಗಾರೆ ದಿನಾ ತಟ್ಟೆ ಯಾಕವ್ವ ಇಕ್ತಿದ್ದೆ?” ಅಂದೆ.

“ಅವತ್ತು ಆ ಉಡ್ಗಿ ಬಾಗ್ಲಲ್ಲಿ ನಿಂತ್ಕಂಡು, ಅತ್ತೆ ಯೋಳಿದ್ದೇ ಸರಿ ಅಂದ್ಲಲ್ಲ. ನಾನು ಸಿಟ್ನಲ್ ಯೋಳಿದ್ ಮಾತ್ನ ಅವ್ಳು ಗಟ್ಟಿ ಮಾಡ್ಕಂಡ್ಳು. ಆಮ್ಯಾಕೆ ನಾನೇ ತಟ್ಟೆ ಎತ್ತಿಟ್ಬುಟ್ರೆ ಅವ್ಳು ಯಾರ್ ಮಕ ನೋಡ್ಕಂಡಿದ್ದಾಳು? ಇವತ್ತು ಬಂದಾಳು, ನಾಳೆ ಬಂದಾಳು ಅಂತ ಇಕ್ತಾನೇ ಇದ್ದೆ ಕಣ್ಲಾ. ಇಕ್ತಾ ಇಕ್ತಾ ನಂಗೂ ಅದೇ ಅಭ್ಯಾಸ ಆಗೋಯ್ತು. ಕೆಲವ್ ದಿವ್ಸ ನಿಜ ಅಂತ್ಲೇ ಅನ್ಸದು.”

ಅವಳು ನಿನಗೋಸ್ಕರ, ನೀನು ಅವಳ ಮಾತಿಗೋಸ್ಕರ. ಎದುರಿಗೆ ಕೂತು ಒಂದು ಮಾತು ಕೇಳಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿ ಇದ್ದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ. ಗೊತ್ತಿಲ್ಲ. ಬಂದಿದ್ದೇವೆ.

ಅಕ್ಟೋಬರ್ ಎರಡಕ್ಕೆ ಮಹಾಲಯ ಅಮಾವಾಸ್ಯೆ. ಹೋದ ದಿನ ತಿಳಿಯದವರಿಗೂ, ಮೈ ಸಿಗದವರಿಗೂ ಅಂದು ಮಾಡಬಹುದು ಅಂತ ಐನೋರು ಹೇಳಿದರು. ದರ್ಭೆಯಲ್ಲಿ ಒಂದು ಗೊಂಬೆ ಮಾಡಿ, ಅದಕ್ಕೆ ಅವನ ಹೆಸರು ಹೇಳಿ, ಹೊಲದಲ್ಲಿ ಅಪ್ಪನ ಸಮಾಧಿಯ ಪಕ್ಕ ಮಣ್ಣು ಮಾಡುವುದು. ನೀನು ಬಂದರೆ ನಿನ್ನ ಬಳೆ, ಕುಂಕುಮದ ಹತ್ತಿರ ಯಾರೂ ಸುಳಿಯುವುದಿಲ್ಲ. ಅವ್ವ ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾಳೆ: “ಅವಳ್ ಕೈ ಮುಟ್ಟಿದ್ರೆ ನಿಮ್ ಕೈ ಇರಾಕಿಲ್ಲ.”

ಮಾಡುವುದೋ ಬೇಡವೋ, ನೀನು ಹೇಳಬೇಕು. ನೀನು ಹೇಳದೆ ನಾನು ಹುಲ್ಲುಕಡ್ಡಿಯನ್ನೂ ಮುಟ್ಟುವುದಿಲ್ಲ.

ಇಂತಿ,
ಚಲುವರಾಜು


ಮದ್ದೂರು
೨೪ ಸೆಪ್ಟೆಂಬರ್ ೨೦೨೪

ಬಾವನವರಿಗೆ ನಮಸ್ಕಾರಗಳು.

ಮಾಡಿ.

ದೀಪಿಕಳಿಗೆ ಹೇಳಿದೆ. “ಹಂಗಾದ್ರೆ ಸ್ಕೂಲಲ್ಲಿ ಏನಂತ ಹೇಳ್ಲಿ?” ಅಂದಳು. ಇದ್ದದ್ದು ಹೇಳು ಅಂದೆ. ಆಟಕ್ಕೆ ಹೋದಳು. ಆಟ ಮುಗಿಸಿ ಬಂದು ಕೈಕಾಲು ತೊಳೆದು, ಆಮೇಲೆ ಅತ್ತಳು.

ನನ್ನ ತಮ್ಮ ಅಂಬರೀಶ್ ಅವಳನ್ನು ಕರೆದುಕೊಂಡು ಬರುತ್ತಾನೆ. ನಾನು ಬರುವುದಿಲ್ಲ. ಬಳೆಯ ಭಯಕ್ಕಲ್ಲ. ಹುಲ್ಲಿನ ಗೊಂಬೆ ಮುಂದಿಟ್ಟು ಇವನೇ ನಿನ್ನ ಗಂಡ ಅಂದರೆ ನೋಡಲು ನನ್ನಿಂದಾಗದು. ಓದಲು ಆಗುತ್ತದೆ. ಅಂದು ನಡೆದದ್ದನ್ನೆಲ್ಲ ನನಗೆ ಬರೆಯಿರಿ. ನನಗೆ ನೋವಾಗುತ್ತದೆ ಅಂತ ಏನನ್ನೂ ಬಿಡಬೇಡಿ, ನನಗೆ ಸಮಾಧಾನವಾಗಲಿ ಅಂತ ಏನನ್ನೂ ಸೇರಿಸಬೇಡಿ. ಪ್ರಾಸ ಬೇಡ. ಅದು ಬಂದಮೇಲೆ ಆ ಒಂದು ಪುಟವನ್ನು ನಾನೇ ಬರೆಯುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ದಸರಾ ರಜೆಗೆ ಬರುತ್ತೇನೆ ಅಂತಲೂ ಹೇಳಿ.

ಇಂತಿ,
ವೀಣ


ಮಳವಳ್ಳಿ
೩ ಅಕ್ಟೋಬರ್ ೨೦೨೪

ವೀಣಮ್ಮನಿಗೆ,

ನನ್ನ ತಮ್ಮ ಸಂತೋಷ ತೀರಿಕೊಂಡ. ಮೊದಲು ಇದನ್ನು ಬರೆದುಬಿಡುತ್ತೇನೆ. ತಡಮಾಡಿದರೆ ಮತ್ತೆ ಇಟ್ಟಿಗೆ ಗೂಡಿನ ಕಡೆ ಹೊರಟೇನು.

ನಿನ್ನೆ ಬೆಳಿಗ್ಗೆ ಮೋಡವಿತ್ತು, ಮಳೆ ಬರಲಿಲ್ಲ. ಹೊಲಕ್ಕೆ ಮನೆಯವರು, ಕೇರಿಯ ನಾಲ್ಕಾರು ಜನ ಬಂದಿದ್ದರು. ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿದ್ದು ಮಾಂಸದಂಗಡಿಗಳೆಲ್ಲ ಮುಚ್ಚಿದ್ದವು. ಎಡೆಗೆ ನಾಟಿಕೋಳಿಯನ್ನು ಹಿಂದಿನ ದಿನವೇ ತಂದಿದ್ದೆ. ಕವಿತ ಸಾರಿಗೆ ಖಾರ ಹೆಚ್ಚು ಹಾಕಿದಳು, ಅವನಿಗೆ ಎಷ್ಟು ಬೇಕಿತ್ತು ಅಂತ ಅವ್ವನನ್ನು ಕೇಳಿ ಹಾಕಿದಳು.

ಐನೋರು ದರ್ಭೆ ಹೆಣೆದು ಗೊಂಬೆ ಮಾಡಿದರು. ಮೊಳದುದ್ದ ಇತ್ತು. ಮುಖವಿರಲಿಲ್ಲ. ಅವನ ಒಂದು ಪಂಚೆಯನ್ನು ಹರಿದು ಉಡಿಸಬೇಕಾಗಿತ್ತು. ಹರಿಯುವುದಕ್ಕೆ ನನ್ನ ಕೈ ಬರಲಿಲ್ಲ, ಅಂಬರೀಶ್ ಹರಿದುಕೊಟ್ಟ. ಹೆಸರು ಹೇಳಿ ಕರೆಯಿರಿ ಅಂದರು. ಕರೆದೆ. ಚಿಕ್ಕಂದಿನಲ್ಲಿ ಆಟಕ್ಕೆ ಹೋದವನನ್ನು ಊಟಕ್ಕೆ ಕರೆಯುತ್ತಿದ್ದೆನಲ್ಲ, ಅದೇ ದನಿ ಬಂತು. ಬೇರೆ ದನಿಯಲ್ಲಿ ಅವನನ್ನು ಕರೆದು ನನಗೆ ಅಭ್ಯಾಸವಿಲ್ಲ.

ಗುಂಡಿ ನಾನೇ ತೆಗೆದೆ. ಆರಡಿ ತೆಗೆಯುವವನ ಹಾಗೆ ಶುರುಮಾಡಿದ್ದೆ. ಐನೋರು ಗುದ್ದಲಿ ಹಿಡಿದು, “ಸಾಕು ಬುಡಿ ಚಲುವರಾಜು, ಇಷ್ಟ್ ಬ್ಯಾಡ” ಅಂದರು. ದೀಪಿಕ ನನ್ನ ಪಕ್ಕವೇ ನಿಂತಿದ್ದಳು. “ದೊಡ್ಡಪ್ಪ, ಇದು ಅಪ್ಪ ಅಲ್ಲ ಅಲ್ವಾ?” ಎಂದು ಮೆಲ್ಲಗೆ ಕೇಳಿದಳು. “ಅಲ್ಲ ಕಣವ್ವ. ನಿಮ್ಮಪ್ಪ ಹೊಳೇಲಿ ಹೋದ. ನಮ್ಗೆ ಮಣ್ ಹಾಕಕ್ಕೆ ಏನಾರ ಬೇಕಲ್ಲ, ಅದ್ಕೆ ಇದು” ಅಂದೆ. ತಪ್ಪಾಗಿ ಹೇಳಿದ್ದರೆ ನೀನು ತಿದ್ದು. ಅವಳು ತಲೆಯಾಡಿಸಿ ಮಣ್ಣು ಹಿಡಿದುಕೊಂಡಳು.

ಗೊಂಬೆಯನ್ನು ಇಳಿಸುವ ಮೊದಲು ಅವ್ವ ಕೈ ಚಾಚಿದಳು. ಹೆಂಗಸರು ಮುಟ್ಟಬಾರದು ಅಂತ ಯಾರೋ ಅಂದರು. ಅವ್ವ ಅವರ ಕಡೆ ತಿರುಗಿ ನೋಡಿದಳು, ಅಷ್ಟೇ. ಐನೋರೇ ತಂದು ಅವಳ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಸಲ ಮೇಲೆ ಮಾಡಿ ಕೆಳಗೆ ಮಾಡಿ ತೂಗಿ ನೋಡಿದಳು. ಅಳಲಿಲ್ಲ. ಆಶ್ಚರ್ಯಪಟ್ಟವಳ ಹಾಗೆ ನನ್ನ ಮುಖ ನೋಡಿ ಹೇಳಿದಳು:

“ಕೂಸಾಗಿ ಉಟ್ದಾಗ್ಲೂ ಇಷ್ಟ್ ಅಗುರ ಇರ್ನಿಲ್ಲ ಕಣ್ಲಾ ನನ್ ಮಗ.”

ಆಮೇಲೆ ಯಾರಿಗೂ ಕೊಡದೆ, ತಾನೇ ಮೊಣಕಾಲೂರಿ ಬಗ್ಗಿ, ಅವನನ್ನು ಒಳಗೆ ಮಲಗಿಸಿದಳು.

ಇಂತಿ,
ಚಲುವರಾಜು